ಹೊರೆಯಡಿಯಲ್ಲಿ ಮೇಲೆದ್ದ ತೊಲೆ

ತುರುವೇಕೆರೆ ಸೀಮೆಯಲ್ಲಿರುವ ನನ್ನ ಅಕ್ಕನ ಮನೆಯ ಅಟ್ಟಕ್ಕೆ ತೆಂಗಿನ ತೊಲೆಗಳಿವೆ. ಕೊಬ್ಬರಿಯಾಗಲೆಂದು ಕಾಯಿಗಳನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷಕಾಲ ಒಣಗಲು ಬಿಡುತ್ತಾರೆ. ನಡುವಿನ ತೊಲೆ ಬಾಗಿದೆ, ಎಲ್ಲವನ್ನೂ ಕಿತ್ತು ಕಬ್ಬಿಣದ್ದು ಹಾಕಿಸುತ್ತೇನೆ ಎಂದು ಭಾವ ಹಟ ಹಿಡಿದರು. ಅಜ್ಜನ ಕಾಲದ್ದು, ಆಯಸ್ಸು ಮುಗಿಯಿತು ಎಂಬುದು ಅವರ ವಾದ. ಅವರ ಮದುವೆಯ ಚಿತ್ರವನ್ನು ಪೆಟ್ಟಿಗೆಯಿಂದ ಹೊರತೆಗೆಸಿ ನೋಡಿದೆ. ವಧೂವರರು ಅದೇ ಗೋಡೆಯ ಮುಂದೆ ನಿಂತಿದ್ದಾರೆ, ಮೇಲೆ ಅಟ್ಟವಿಲ್ಲ. ಅಂದರೆ ಅಟ್ಟ ಮದುವೆಗಿಂತ ಈಚಿನದು. ತೊಲೆ ಬಾಗಿರುವುದು ಮಾತ್ರ ನಿಜ. ಅದು ಇನ್ನೂ ಬಾಗುತ್ತಿದೆಯೇ ಎಂಬುದಷ್ಟೇ ಪ್ರಶ್ನೆ.

ಪ್ರಯೋಗಾಲಯದಲ್ಲಿ ಮರದ ತುಂಡುಗಳನ್ನು ದೊಡ್ಡ ಯಂತ್ರಕ್ಕೆ ಕೊಟ್ಟು ಬಾಗಿಸಿ ಅವುಗಳ ಬಲ ಅಳೆಯುವುದೇ ನನ್ನ ವೃತ್ತಿಯಾಗಿತ್ತು. ಆದರೆ ಹೊರೆ ಹೊತ್ತು ನಿಂತ ತೊಲೆ ಯಂತ್ರದ ಬಳಿಗೆ ಬರಲಾರದು. ನಿವೃತ್ತಿಯ ನಂತರ, ಚೀಲದಲ್ಲಿ ಒಯ್ಯಬಹುದಾದ ಉಪಕರಣವೊಂದನ್ನು ತಿಪಟೂರಿನ ಲೇತ್ ಅಂಗಡಿಯಲ್ಲಿ ಮಾಡಿಸಿದ್ದೆ: ಉದ್ದ ಕುಗ್ಗಿಸಬಹುದಾದ ಉಕ್ಕಿನ ಕೋಲು, ಅದರ ತುದಿಗೆ, ತೊಲೆ ಕೂದಲೆಳೆಯಷ್ಟು ಏರಿದರೂ ಇಳಿದರೂ ತೋರಿಸುವ ಮುಳ್ಳಿನ ಮಾಪಕ. ಹಸಿಕಾಯಿ ಏರಿಸಿದ ದಿನವೇ ಅದನ್ನು ನಡುವಿನ ತೊಲೆಗೆ ತಾಗಿಸಿ ನೆಲದ ಮೇಲೆ ನಿಲ್ಲಿಸಿ, ಮುಳ್ಳಿದ್ದ ಜಾಗಕ್ಕೆ ಗುರುತು ಹಾಕಿದೆ. ಅದೇ ರಾಶಿಯ ಒಂದು ಬುಟ್ಟಿ ಕಾಯಿಯನ್ನು ತೂಗಿ ಅಟ್ಟದ ಮೂಲೆಯಲ್ಲಿಟ್ಟೆ.

ತಿಂಗಳುಗಳು ಕಳೆದಂತೆ ಮುಳ್ಳು ಮೇಲಕ್ಕೆ ಸರಿಯಿತು. ಒಂದು ಕಾಯಿಯನ್ನೂ ಇಳಿಸಿರಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬರಿಗೆ ತಿಳಿಸಿದಾಗ ಅವರು ನಕ್ಕರು. ಹೊರೆಯಡಿ ತೊಲೆ ಮೇಲೇಳುವುದುಂಟೇ, ಉಪಕರಣ ಕೆಟ್ಟಿದೆ, ತೊಲೆಯನ್ನೇ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿ ಎಂದರು. ಭಾವನಿಗೆ ಅಷ್ಟೇ ಸಾಕಾಯಿತು. ಕಬ್ಬಿಣ ತರಿಸಿ ಅಂಗಳದಲ್ಲಿ ಇಳಿಸಿದರು.

“ನಾನಿರೋಗಂಟ ಈ ಅಟ್ಟ ಬಿಚ್ಚಾಕೆ ಬುಡಲ್ಲ ಕಣಪ್ಪ,” ಎಂದಳು ಅಕ್ಕ. “ನಿನ್ನ ಮುಳ್ಳು ಸುಳ್ಳಾದ್ರೆ ಅದನ್ನ ಹಿತ್ಲಿಗೆ ಎಸಿ.”

ನಾನು ಎಸೆಯಲಿಲ್ಲ. ಬುಟ್ಟಿಯನ್ನು ಮತ್ತೆ ತೂಗಿದೆ. ನೀರು ಆರಿ ಅದು ಬಹಳ ಹಗುರಾಗಿತ್ತು. ಕಾಯಿಗಳು ಅಷ್ಟೇ ಇದ್ದವು, ಹೊರೆ ಅಷ್ಟೇ ಇರಲಿಲ್ಲ. ಇಡೀ ರಾಶಿ ಕಳೆದುಕೊಂಡ ಭಾರವನ್ನು ಲೆಕ್ಕಹಾಕಿ, ಅಷ್ಟೇ ತೂಕದ ಮರಳನ್ನು ಚೀಲಗಳಲ್ಲಿ ತುಂಬಿಸಿ, ಕಾಯಿಗಳ ಮೇಲೆ ಹಲಗೆ ಹಾಸಿ ಒಂದೊಂದಾಗಿ ಇಡಿಸಿದೆ. ಭಾವ ಅಟ್ಟದ ಕೆಳಗೆ ನಿಲ್ಲಲು ಒಪ್ಪಲಿಲ್ಲ. ಅಕ್ಕ ನನ್ನ ಪಕ್ಕಕ್ಕೇ ಬಂದು ನಿಂತಳು. ಮುಳ್ಳು ಇಳಿಯುತ್ತ ಇಳಿಯುತ್ತ, ಕೊನೆಯ ಚೀಲಕ್ಕೆ, ಮೊದಲ ದಿನದ ಗುರುತಿಗೆ ಬಂದು ನಿಂತಿತು. ತೊಲೆ ಮತ್ತಷ್ಟು ಬಾಗಿರಲಿಲ್ಲ, ಉಪಕರಣವೂ ಕೆಟ್ಟಿರಲಿಲ್ಲ.

“ಸರಿ ಬುಡಿ, ಅಟ್ಟ ಇರ್ಲಿ,” ಎಂದರು ಭಾವ ಬಾಗಿಲಾಚೆಯಿಂದ. “ಮೊದ್ಲು ಆ ಮರಳು ಇಳಿಸ್ರೀ.”

ತೊಲೆಯನ್ನು ಕಳಿಸುವುದಿಲ್ಲವೆಂದು ಸಹೋದ್ಯೋಗಿಗೆ ಬರೆದೆ. ಬೇಕಿದ್ದರೆ ಅವರೇ ಬರಲಿ. ಅಟ್ಟದಡಿ ಇನ್ನೊಬ್ಬರು ನಿಲ್ಲುವಷ್ಟು ಜಾಗವಿದೆ.