ಹುಲ್ಲಿನ ಬಂಡಿಯ ಮರೆಯಲ್ಲಿ ಉಪದೇಶ

ಈ ಭಾನುವಾರ ಬೆಳಿಗ್ಗೆ ಮಾಕಳಿಯ ಹತ್ತಿರ ನನ್ನ ಸ್ಕೂಟರಿನ ಮುಂದೆ ರಾಗಿ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತು. ವಾರವಿಡೀ ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಕಾದ ಕಬ್ಬಿಣದ ವಾಸನೆ ಕುಡಿಯುವ ಮೂಗು ನನ್ನದು. ಆ ಮೂಗಿಗೆ ಒಣಹುಲ್ಲಿನ ವಾಸನೆ ಹತ್ತಿದ್ದೇ ತಡ, ಇನ್ನಾಸಪ್ಪ ತಾತ ಬಂದು ಹಿಂದಿನ ಸೀಟಿನಲ್ಲಿ ಕೂತಂತಾಯಿತು.

ತಾತ ನಮ್ಮ ಚಿಕ್ಕಬಾಣಾವರದ ಹಳೆಯ ಉಪದೇಶಿ. ಚರ್ಚಿನ ಗುರುಗಳು ಅಪರೂಪಕ್ಕೆ ಬರುತ್ತಿದ್ದ ಕಾಲದಲ್ಲಿ ಶಿಲುಬೆಯ ಗುರುತು ಹಾಕುವುದರಿಂದ ಹಿಡಿದು ನಮಗೆಲ್ಲ ಧರ್ಮ ಕಲಿಸಿದವರು. ಎಮ್ಮೆಯ ಹಾಲು ಕರೆಯುತ್ತಲೇ ಜಪ ಹೇಳಿಕೊಡುವರು. ನಾವು ತಪ್ಪಿದರೆ ಎಮ್ಮೆಯನ್ನು ಬೈಯುವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವರ ಕೊಟ್ಟಿಗೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾಗ ಸಂತ ಜಾನ್ ವಿಯಾನ್ನಿಯವರ ಕಥೆ ಹೇಳಿದ್ದೂ ಅವರೇ.

"ಅವ್ರಿಗೂ ಲ್ಯಾಟಿನ್ ತಲೆಗೆ ಅತ್ತಲಿಲ್ಲ ಕಣ್ಲಾ. ಆದ್ರೂ ಬಿಡ್ದೆ ಗುರುಗಳಾದ್ರು. ಯಾರಿಗೂ ಬೇಡದ ಅಳ್ಳಿಗೆ ಓಗಿ ದಿನಾ ಉಪದೇಶ ಏಳಿದ್ರು. ನೀನೇನು ಅವ್ರಿಗಿಂತ ದೊಡ್ಡ ಮನ್ಸನಾ, ಇಂಗೆ ಮೂತಿ ತಿರುವ್ಕೊಂಡು ಕೂರಾಕೆ?"

ಆ ಕಥೆಯಲ್ಲಿ ನನಗೆ ಹಿಡಿಸಿದ್ದು ಹುಲ್ಲಿನ ಬಂಡಿ. ವಿಯಾನ್ನಿ ಹುಡುಗನಾಗಿದ್ದಾಗ ಫ್ರಾನ್ಸಿನಲ್ಲಿ ಕ್ರಾಂತಿಯ ದಿನಗಳು. ಸರ್ಕಾರ ಚರ್ಚುಗಳನ್ನು ಮುಚ್ಚಿಸಿದ್ದರಿಂದ ಪೂಜೆಯನ್ನು ಕದ್ದುಮುಚ್ಚಿ ಮಾಡಬೇಕಿತ್ತು. ಅವರು ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸಿದ್ದು ಒಂದು ಮನೆಯೊಳಗೆ. ಮೇಣದಬತ್ತಿಯ ಬೆಳಕು ಹೊರಗೆ ಕಾಣದಿರಲೆಂದು ಕಿಟಕಿಗೆ ಅಡ್ಡಲಾಗಿ ಬಂಡಿ ನಿಲ್ಲಿಸಿ ಗಂಡಸರು ಹುಲ್ಲು ಇಳಿಸುತ್ತಿದ್ದರಂತೆ. "ಅದ್ರಲ್ಲಿ ಯಾವ್ದು ಪೂಜೆ, ಯಾವ್ದು ಕೆಲ್ಸ, ಏಳ್ಲಾ ನೋಡಾನ" ಎಂದು ತಾತ ಕೇಳಿದ್ದರು. ಒಳಗಿನದು ಪೂಜೆ, ಹೊರಗಿನದು ಕೆಲಸ ಎಂದೆ. ತಾತ ಎಮ್ಮೆಯನ್ನು ಬೈದರು.

ಈಗ ನಾನೂ ಉಪದೇಶಿ. ರಾಯಚೂರು, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಮಾಕಳಿಯ ಒಂದು ವಠಾರದಲ್ಲಿ ಬಾಡಿಗೆಗಿರುವ ನಮ್ಮ ಕ್ರೈಸ್ತರಿದ್ದಾರೆ. ಅವರಿಗೆ ಭಾನುವಾರ ಬೆಳಿಗ್ಗೆ ಚರ್ಚಿನ ಕೊಠಡಿಯಲ್ಲಿ ಧರ್ಮಪಾಠ ಮಾಡುತ್ತೇನೆಂದು ಎದೆ ತಟ್ಟಿ ಒಪ್ಪಿಕೊಂಡವನು ನಾನು. ಮೊದಲ ವಾರ ಕೊಠಡಿ ತುಂಬಿತ್ತು. ಬರಬರುತ್ತಾ ಕುರ್ಚಿಗಳು ಖಾಲಿಯಾದವು. ಕಳೆದ ವಾರ ಇದ್ದದ್ದು ಇಬ್ಬರೇ: ಇಸ್ತ್ರಿ ಅಂಗಿ ಹಾಕಿಕೊಂಡ ನಾನು, ಮತ್ತು ಫ್ಯಾನು.

ಫಾದರ್ ಮೆತ್ತಗೆ ಹೇಳಿದರು: "ಇನ್ನೊಂದು ವಾರ ನೋಡೋಣ. ಯಾರೂ ಬರ್ಲಿಲ್ಲ ಅಂದ್ರೆ ನಿಲ್ಲಿಸ್ಬಿಡಿ. ನಿಮ್ಗೂ ರೆಸ್ಟ್ ಬೇಕಲ್ವಾ."

ಈ ಕೈಗೆ ಯಾರೂ ಯಾವತ್ತೂ ರೆಸ್ಟ್ ಕೊಟ್ಟದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ಸಿಟ್ಟಿನಲ್ಲಿ ಸೀದಾ ವಠಾರಕ್ಕೆ ಹೋದೆ. ಗಾರೆ ಕೆಲಸದ ಲೂರ್ದಮ್ಮ ಖಾಲಿ ಕೊಡಗಳ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

"ಏನಮ್ಮಾ, ದೇವರಿಗಿಂತ ನೀರೇ ಹೆಚ್ಚಾಯ್ತಾ?"

"ದೇವ್ರು ಎಲ್ಲಿ ಹೋಗ್ತಾನ್ರಿ ಅಣ್ಣಾರ? ನೀರಿನ ಗಾಡಿ ಹೋಗ್ತೈತಿ."

ಸಾಲಿನವರೆಲ್ಲ ನಕ್ಕರು. ಕುಡಿಯುವ ನೀರಿನ ಟ್ಯಾಂಕರ್ ಅಲ್ಲಿಗೆ ಬರುವುದು ಭಾನುವಾರ ಬೆಳಿಗ್ಗೆ ಮಾತ್ರ. ಎಷ್ಟು ಹೊತ್ತಿಗೆಂದು ಯಾರಿಗೂ ಗೊತ್ತಿಲ್ಲ. ನಾನು ಪಾಠಕ್ಕೆ ಆರಿಸಿಕೊಂಡಿದ್ದ ಹೊತ್ತೂ ಅದೇ. ಇವರಿಗೆ ಭಕ್ತಿ ಕಡಿಮೆ ಎಂದು ತೀರ್ಪು ಕೊಟ್ಟುಕೊಂಡಿದ್ದೆ ನೋಡಿ. ಆದರೂ ಏನು ಮಾಡುವುದೆಂದು ಹೊಳೆಯದೆ ಒಂದು ವಾರ ಕಳೆಯಿತು.

ಮುಂದೆ ನಿಂತಿದ್ದ ಟ್ರ್ಯಾಕ್ಟರು ಕೆಮ್ಮಿ, ಹೊಗೆ ಬಿಟ್ಟು, ಹೊರಟಿತು. ಹುಲ್ಲಿನ ಎಳೆಯೊಂದು ಅಂಗಿಯ ಮೇಲೆ ಬಿತ್ತು. ಚರ್ಚಿನ ಕಡೆ ತಿರುಗಬೇಕಾದ ಸ್ಕೂಟರನ್ನು ವಠಾರದ ಕಡೆ ತಿರುಗಿಸಿದೆ.

ಕೊಡಗಳು ಸಾಲಾಗಿದ್ದವು, ಪಕ್ಕದಲ್ಲಿ ಜನ. ಇಸ್ತ್ರಿ ಪ್ಯಾಂಟಿನಲ್ಲೇ ಕಲ್ಲಿನ ಮೇಲೆ ಕೂತೆ. ಪುಸ್ತಕ ತೆಗೆಯಲಿಲ್ಲ, ಹುಲ್ಲಿನ ಬಂಡಿಯ ಕಥೆ ತೆಗೆದೆ. ಗಂಡಸರು ಹುಲ್ಲು ಇಳಿಸುವಲ್ಲಿಗೆ ಬರುವಷ್ಟರಲ್ಲಿ ಟ್ಯಾಂಕರಿನ ಹಾರನ್ ಕೇಳಿಸಿ ಎಲ್ಲರೂ ಎದ್ದರು. ನಾನೊಬ್ಬ ಕೂತು ಏನು ಮಾಡಲಿ? ಕೊಡ ಹಿಡಿದು ಪೈಪಿನ ಬಾಯಿಗೆ ನಿಂತೆ. ಪ್ಯಾಂಟು ಮೊಣಕಾಲವರೆಗೆ ನೆನೆಯಿತು.

"ಒಳಗಿನ ಮಂದಿ ಸಿಕ್ಕಿಬಿದ್ರೇನ್ರಿ?" ಕೊಡ ಎತ್ತುತ್ತಾ ಲೂರ್ದಮ್ಮ ಕೇಳಿದಳು.

"ಮುಂದಿನ ವಾರ ಹೇಳ್ತೀನಿ."

"ಹಂಗಾದ್ರ ಇನ್ನೂ ಲಗೂ ಬರ್ರಿ. ಅರ್ಧಾ ಕಥಿ ಹೇಳಿ ನೀರಿಗೆ ಓಡೂದು ಚಲೋ ಅಲ್ಲ."

ಅಲ್ಲೇ ನಿಂತು, ಒದ್ದೆ ಕೈಯಲ್ಲೇ ಫಾದರಿಗೆ ಫೋನ್ ಮಾಡಿದೆ. ಪಾಠ ನಿಲ್ಲಿಸುವುದಿಲ್ಲ, ಕೊಠಡಿಗೆ ಬೀಗ ಹಾಕಿಕೊಳ್ಳಿ ಎಂದೆ.