ಎದುರು ಕಿಟಕಿಯ ಗಾಳಿ

ನಿಶ್ ಊರಿನಲ್ಲಿ ಗಾಳಿಗೆ ಹೆದರದ ಜೀವ ಒಂದೇ ಒಂದು, ಅದು ತಾನು ಎಂದು ಪ್ರೊಫೆಸರ್ ವಿದೋಸಾವಾ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಮಿಕ್ಕ ಊರಿಗೆ ಊರೇ ಪ್ರೊಮಾಯಾ ಅಂದರೆ ನಡುಗುತ್ತಿತ್ತು. ಎದುರುಬದುರು ಕಿಟಕಿ ತೆರೆದಾಗ ನಡುವೆ ನುಗ್ಗುತ್ತದಲ್ಲ, ಆ ಗಾಳಿ. ಕತ್ತು ಹಿಡಿಯಲಿ, ಕಿವಿ ಸೋರಲಿ, ಸೊಸೆ ಮುನಿಸಿಕೊಳ್ಳಲಿ, ಎಲ್ಲಕ್ಕೂ ಅದೇ ಕಾರಣ.

ಜನ್ಮವಿಡೀ ಶಾಖಶಾಸ್ತ್ರ ಕಲಿಸಿದ ತಪ್ಪಿಗೆ, ವಿಶ್ವವಿದ್ಯಾಲಯವನ್ನು ಬಿಸಿಲಿನಿಂದ ಕಾಪಾಡುವ ಹೊಣೆ ಅವಳ ತಲೆಗೆ ಬಂದಿತ್ತು. ಈಚೆಗೆ ಜೂನ್ ಬಂತೆಂದರೆ ಅಂಗಳದ ಕಂಚಿನ ಪ್ರತಿಮೆಯೂ ಕೋಟು ಬಿಚ್ಚುವಂಥ ಧಗೆ. ಹೋದ ವರ್ಷ ಪರೀಕ್ಷೆ ಬರೆಯುತ್ತಲೇ ಇಬ್ಬರು ಹುಡುಗಿಯರು ತಲೆ ತಿರುಗಿ ಬಿದ್ದಿದ್ದರು. ಏಸಿ ಹಾಕಿಸೋಣವೆಂದರೆ ಆ ಮುದಿ ಕಟ್ಟಡದ ವೈರುಗಳು ಒಂದು ಲೋಟ ಕಾಫಿ ಕಾಯಿಸಿದರೇ ಹೊಗೆಯಾಡುತ್ತಿದ್ದವು. ವಿದೋಸಾವಾ ಕೇಳಿದ್ದು ಇಷ್ಟೇ: ಪರೀಕ್ಷೆ ಬೆಳಗ್ಗೆ ಬೇಗ ಇಡಿ, ಎರಡೂ ಕಡೆ ಕಿಟಕಿ ತೆಗೆಯಿರಿ.

ಇಷ್ಟಕ್ಕೆ ಚಳಿಗಾಲವಿಡೀ ಸಭೆ.

"ಒಂದ್ ಕಡೆ ತೆಗೆಯೋಣ ಮೇಡಂ," ಅಂದರು ಡೀನ್ ಚಾಸ್ಲವ್.

"ಒಂದೇ ಕಡೆ ತೆಗೆದ್ರೆ ಗಾಳಿ ಒಳಗ್ ಬಂದು ಏನ್ ಮಾಡ್ಬೇಕು ಸಾರ್? ನಿಮ್ ಜೊತೆ ಸಭೆಗೆ ಕೂರ್ಬೇಕಾ?"

ಕೊನೆಗೆ ಡೀನ್ ಒಂದು ಷರತ್ತು ಹಾಕಿ ಒಪ್ಪಿದರು. ಒಳಗಿದ್ದವರಲ್ಲಿ ಯಾರೇ ಒಬ್ಬರು ಗಾಳಿ ತಾಳದೆ ಕಿಟಕಿ ಮುಚ್ಚಿದರೂ, ಮಾರನೆಯ ದಿನದಿಂದ ಎಲ್ಲ ಹಳೇ ಕ್ರಮ: ಮಟಮಟ ಮಧ್ಯಾಹ್ನ, ಮುಚ್ಚಿದ ಕೋಣೆ.

ಪರೀಕ್ಷೆಯ ದಿನ ನೋಡಿದರೆ, ಅರ್ಧ ತರಗತಿ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದಿದೆ!

"ಯಾರೇ ಇದನ್ನ ಸುತ್ತಿದ್ದು?"

"ಅಜ್ಜಿ, ಮೇಡಂ. ಬಿಚ್ಚಿದ್ರೆ ಮನೆಗೆ ಸೇರ್ಸಲ್ಲ ಅಂದ್ರು."

ವಿದೋಸಾವಾ ಹಣೆ ಚಚ್ಚಿಕೊಂಡಳು. ಆದರೂ ಹೊಳೆಯ ಕಡೆಯಿಂದ ಗಾಳಿ ಬೀಸಿತು, ಹಾಳೆಗಳು ಪಟಪಟ ಅಂದವು, ಅರ್ಧ ಪರೀಕ್ಷೆ ಕಳೆದರೂ ಒಬ್ಬರೂ ಬೀಳಲಿಲ್ಲ. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಅವಳ ಕತ್ತಿನ ಹಿಂದೆ ಸುಯ್ಯೆಂದು ತಣ್ಣಗಾಯಿತು. ತಲೆ ಶಾಖಶಾಸ್ತ್ರ ಓದಿತ್ತು, ಕೈ ಓದಿರಲಿಲ್ಲ. ಅದು ತಾನೇ ತಾನಾಗಿ ಹಿಂದಕ್ಕೆ ಚಾಚಿ ಕಿಟಕಿಯನ್ನು ದಢಾರನೆ ಮುಚ್ಚಿಬಿಟ್ಟಿತು.

ಬಾಗಿಲಲ್ಲಿ ಹೊಂಚುತ್ತಿದ್ದ ಡೀನ್ ಮುಖ ಸೂರ್ಯಕಾಂತಿಯಾಯಿತು.

"ಏನ್ ಮೇಡಂ, ಕೊನೆಗೂ ಹೆದರಿದ್ರಾ? ಷರತ್ತು ಜ್ಞಾಪಕ ಇದೆ ತಾನೇ?"

ವಿದೋಸಾವಾ ಒಂದು ಕೈಯಲ್ಲಿ ಕತ್ತು ಮುಚ್ಚಿಕೊಂಡು, ಇನ್ನೊಂದರಲ್ಲಿ ಕಿಟಕಿಯನ್ನು ಮತ್ತೆ ತಳ್ಳಿ ತೆರೆದಳು.

"ಹೆದರಿದೆ ಸಾರ್. ಹೆದರೋಕೆ ಈ ವರ್ಷ ಗಾಳಿಯಾದ್ರೂ ಇದೆ. ಹೋದ ವರ್ಷ ಅದೂ ಇರ್ಲಿಲ್ಲ, ಹುಡ್ಗೀರು ಹೆದರದೇನೇ ಬಿದ್ರು."