ಕೂದಲು ಒಣಗುವ ತನಕ

ನಮ್ಮವರೇ, ಪಿಯುಸಿ ಓದುತ್ತಿರುವ ತಮ್ಮನ ಮೊಮ್ಮಗಳು ಗೌರಿಗೆ ವೇಳಾಪಟ್ಟಿ ಹಾಕಿಸಲು ಇವತ್ತು ಹಡಗಲಿಯ ಅವರ ಮನೆಯಲ್ಲಿ ಕೂತೆ. "ಬದುಕಿನ್ಯಾಗ ನಿನಗ ಏನು ಮುಖ್ಯ ಅಂತ ಯೋಚ್ನಿ ಮಾಡು, ಅದಕ್ಕ ಮೊದಲು ಹೊತ್ತು ಕೊಡು" ಎಂದೆ, ಯೂಟ್ಯೂಬಿನಲ್ಲಿ ಕೇಳಿದ್ದನ್ನು ನನ್ನದೇ ಎಂಬಂತೆ. ಅವಳು ಮೊದಲು ಬರೆದದ್ದು: ಸಂಜೆ ಒಂದು ತಾಸು, ಅವ್ವನ ಜೊತೆ ಮಲ್ಲಿಗೆ ಕಟ್ಟುವುದು.

"ಪರೀಕ್ಷಿ ಹತ್ರ ಬಂದೈತಿ. ಹೂವು ಕಟ್ಕೊಂತ ಕುಂತ್ರ ನರ್ಸಿಂಗ್ ಸೀಟು ಸಿಗ್ತೈತೇನು? ಅಳಿಸು ಅದನ್ನ!" ಎಂದು ರಬ್ಬರು ಚಾಚಿದೆ.

"ಅವ್ವ ನನ್ನ ಕೂಡ ಮನಸು ಬಿಚ್ಚಿ ಮಾತಾಡೋದು ಅದೊಂದ ತಾಸು, ತಾತ. ಮುಖ್ಯ ಏನಂತ ನೀನ ಕೇಳಿದ್ದಲ್ಲ?"

ರಬ್ಬರು ಕೆಳಗಿಟ್ಟೆ. ಇದನ್ನೆಲ್ಲ ಕೇಳಿಸಿಕೊಂಡ ಅವಳವ್ವ ಚಹಾ ತಂದಳು. ಮಗಳಿಗೆ ಮೊದಲು ಕೊಟ್ಟಳು, ನನಗೆ ಆಮೇಲೆ.

ಮರ್ಯಾದೆ ಉಳಿಸಿಕೊಳ್ಳಲು ಕೇಳಿದೆ: "ಆತು ಬಿಡವಾ. ಇದರಾಗ ನನ್ನ ಬುದ್ಧಿಮಾತಿಗೆ ಎಲ್ಲ್ಯಾರ ಜಾಗ ಐತೇನು?"

"ಐತಲ್ಲ! ಭಾನುವಾರ ತಲಿಗೆ ಎರಕೊಂಡ ಮ್ಯಾಲ, ಕೂದಲು ಒಣಗೋ ತನಕ."

ಹುಡುಗಿಯ ಕೂದಲು ದಟ್ಟವಾಗಿದೆ. ನನಗಿರುವ ಭರವಸೆ ಅದೊಂದೇ.